ಕಾಶಮ್ಮತ್ತೆ ಆಕಾಶದಿಂದ ಬಂದದ್ದು

ಮೊನ್ನೆ ಬೆಂಗಳೂರಿನಿಂದ ಮೊಮ್ಮಗಳು ಫೋನ್ ಮಾಡಿ, "ಆಯಿ, ಹೈದರಾಬಾದಿನಿಂದ ಇಲ್ಲಿಗೆ ಐನೂರ ಎಪ್ಪತ್ತು ಕಿಲೋಮೀಟರ್. ವಿಮಾನದಾಗ ಕೂತ್ರ ಒಂದೂಕಾಲು ತಾಸು. ನಿನಗೇನು ಅಂಜಿಕಿ?" ಎಂದಳು. ಉತ್ತರ ಕೊಡುವುದು ಬಿಟ್ಟು ನಾನು ನಗತೊಡಗಿದೆ. ಆ ಎರಡು ಊರುಗಳ ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ನನ್ನ ಮದುವೆ. ಎಲ್ಲಿಯ ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ.

ನಮ್ಮೂರು ನಿಲಂಗಾ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಪೊಲೀಸ್ ಕಾರ್ಯಾಚರಣೆಯ ಗಾಬರಿ ಇಳಿದು, ಜನ ಮತ್ತೆ ಮನೆ ಮುಂದೆ ಮದುವೆಯ ಹಂದರ ಹಾಕತೊಡಗಿದ್ದರು. ನಮ್ಮ ಹಂದರಕ್ಕೆ ಮಾತ್ರ ಒಂದು ಕೊರತೆಯಿತ್ತು. ಅಪ್ಪನ ಅಕ್ಕ, ಯೆಣೆಗೂರಿಗೆ ಕೊಟ್ಟಿದ್ದ ಕಾಶಮ್ಮತ್ತೆ, ಬರುವಂತಿರಲಿಲ್ಲ. ನನ್ನ ಅಕ್ಕನ ಮದುವೆಯಲ್ಲಿ ಅಪ್ಪ ಕೊಟ್ಟ ಸೀರೆಯನ್ನು ಬಿಚ್ಚಿ ನೋಡಿ, "ಇದನ್ನ ನಿನ್ನ ಎತ್ತಿನ ಮೈಮ್ಯಾಲ ಹಾಕು" ಎಂದಿದ್ದಳು. ಅಪ್ಪ ಸುಮ್ಮನಿರಬಾರದೆ? "ಎತ್ತಾದ್ರೂ ದುಡೀತದ" ಎಂದುಬಿಟ್ಟ. ಇನ್ನು ನಿನ್ನ ಊರಿನ ಹಾದಿ ತುಳಿಯುವುದಿಲ್ಲವೆಂದು ಆಣೆಯಿಟ್ಟು ಹೋದವಳು, ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಳು. ಅಪ್ಪ ಕರೆಯಲಿಲ್ಲ. ಸೋದರತ್ತೆ ಇಲ್ಲದೆ ಹುಡುಗಿಗೆ ಅರಿಶಿನ ಹಚ್ಚುವುದು ಹೇಗೆಂದು ಕೊರಗಿದ ಅವ್ವ, ಕೊನೆಯ ಗಳಿಗೆಯಲ್ಲಿ ಕದ್ದು ತಂತಿ ಕಳಿಸಿದಳು.

ಅರಿಶಿನದ ಸಂಜೆ ಹಂದರದ ಮುಂದೆ ಎತ್ತಿನ ಬಂಡಿಯೊಂದು ನಿಂತಿತು. ಒಳಗೆ ಕಾಶಮ್ಮತ್ತೆ; ಎರಡೂ ಕಿವಿಗಳಲ್ಲಿ ನಿಂಬೆಕಾಯಿಯಂಥ ಹತ್ತಿಯುಂಡೆ. ಅವಳು ಇಳಿಯಲಿಲ್ಲ.

"ಬೆಂಗಳೂರಿಂದ ಹೈದ್ರಾಬಾದಿಗಿ ಇಮಾನದಾಗ ಬಂದೀನಿ," ಎಂದು ಕೂತಲ್ಲಿಂದಲೇ ಸಾರಿದಳು. "ಎರಡೂವರಿ ತಾಸು. ಉದಗೀರ ಸ್ಟೇಷನ್‌ದಿಂದ ಇಲ್ಲಿಗಿ ಈ ಬಂಡ್ಯಾಗ ಇಡೀ ಹಗಲು ಹೋಯ್ತು."

ಅರಿಶಿನದ ಬಟ್ಟಲು ಬಿಟ್ಟು ಹೆಂಗಸರು ಓಡಿದರು. ಊದುವವರು ಬಾರಿಸುವವರು ಓಡಿದರು. ಮದುಮಗಳಾದ ನಾನೂ ಮಣೆಯಿಂದೆದ್ದು ಓಡಿದೆ. ಯಾರೂ ಬೈಯಲಿಲ್ಲ, ಯಾರೂ ನನ್ನನ್ನು ನೋಡಲೇ ಇಲ್ಲ.

"ಮ್ಯಾಲ ಹ್ಯಾಂಗದ ಅತ್ತಿ?"

"ಕುರಿ ಉಣ್ಣೆ ಕತ್ತರಿಸಿ ಹರವಿದಂಗ ಮೋಡ, ಅದೂ ಕಾಲಬುಡಕ."

"ದೇವರು ಕಂಡನೇನು?"

"ಕಂಡಿರಬೇಕು. ನಾ ಅರ್ಧ ಹಾದಿ ಕಣ್ಣು ಮುಚ್ಕೊಂಡಿದ್ದೆ."

ಅಷ್ಟರಲ್ಲಿ ಅಪ್ಪ ಬಂದ. "ನನ್ನ ಊರಿನ ಹಾದಿ ತುಳಿಯಾಂಗಿಲ್ಲ ಅಂದಿದ್ದಿ," ಎಂದ ಗಟ್ಟಿಯಾಗಿ.

"ಎಲ್ಲಿ ತುಳದೀನಿ? ಗಾಳ್ಯಾಗ ಬಂದೆ, ರೈಲಿನಾಗ ಬಂದೆ, ಬಂಡ್ಯಾಗ ಬಂದೆ. ಈಗೂ ಬಂಡ್ಯಾಗೇ ಇದ್ದೀನಿ."

ಅಪ್ಪ ತಲೆ ತಗ್ಗಿಸಿ, "ತಪ್ಪಾಯ್ತಕ್ಕ" ಎಂದು ಗೊಣಗಿದ.

"ಏನಂದಿ? ಕಿವ್ಯಾಗ ಇಮಾನದವರು ಕೊಟ್ಟ ಹತ್ತಿ ಅದ. ಕೇಳಸವಲ್ದು."

"ತಪ್ಪಾಯ್ತು."

"ಇನ್ನಾ ಜೋರ."

"ಎತ್ತಂದದ್ದು ನಂದೇ ತಪ್ಪಕ್ಕಾ, ಒಳಗ ಬಾ," ಎಂದು ಅಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದ.

ಅತ್ತೆ ನಿಧಾನವಾಗಿ ಹತ್ತಿ ತೆಗೆದಳು. "ಮೆಲ್ಲಕ ಮಾತಾಡೋ ತಮ್ಮಾ. ನಾ ಏನ್ ಕಿವುಡಿ?"

ಓಣಿಯೇ ನಕ್ಕಿತು. ಅಪ್ಪ ಮಾತ್ರ ನಗದೆ, ಅಕ್ಕನ ಆಣೆ ಕೆಡಬಾರದೆಂದು ಅವಳನ್ನು ಕೂಸಿನಂತೆ ಎತ್ತಿಕೊಂಡು ಹೊಸ್ತಿಲು ದಾಟಿಸಿ ನನ್ನ ಮಣೆಯ ಪಕ್ಕದಲ್ಲಿ ಕೂರಿಸಿದ. ಅವಳು ನನ್ನ ಕೆನ್ನೆಗೆ ಅರಿಶಿನ ಹಚ್ಚಿದಳು. ಅಪ್ಪ ಕಂಬದ ಮರೆಗೆ ನಿಂತು ಕಣ್ಣೊರೆಸಿಕೊಂಡ. ಮರುದಿನದಿಂದ ಊರಿಗೆ ಅವಳು ಆಕಾಶಮ್ಮ.

"ಆಯಿ, ಇದ್ದೀಯೇನು?" ಎಂದಳು ಮೊಮ್ಮಗಳು.

"ಟಿಕೀಟ ತೆಗಿಯವ್ವ. ಕಿಟಕಿ ಬಾಜೂದು ಸಿಗ್ತದೇನು ನೋಡು," ಎಂದೆ.

ಫೋನ್ ಇಟ್ಟವಳೇ, ಕೈಚೀಲದಲ್ಲಿ ಎಷ್ಟು ಜೋಳದ ರೊಟ್ಟಿ ಹಿಡಿದಾವೆಂದು ಅಳೆಯತೊಡಗಿದೆ. ಹೊರಡುವುದು ಬರುವ ತಿಂಗಳು.