ಕೆಳದಂಡೆಯ ಪುಂಡಿ

ನೀರಿಗೆ ಗೆರೆ ಎಳೆಯಬಹುದು ಎಂದು ನಂಬಿದ ಜನರ ನಡುವೆ ನಾನು ಬಾಳಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾಯಿತು, ಇನ್ನಾದರೂ ಸಿಟ್ಟು ಬಿಡು ಎನ್ನುತ್ತಾರೆ ಮನೆಯವರು. ಯಾಕೆ ಬಿಡಬೇಕು? ಅದೊಂದನ್ನಾದರೂ ನಾನು ಯಾರನ್ನೂ ಕೇಳದೆ ಇಟ್ಟುಕೊಂಡಿದ್ದೇನೆ.

ನಾನು ಮದುವೆಯಾಗಿ ಹೋದ ಹಳ್ಳಿ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿತ್ತು. ನಿಜಾಮನ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಕಾಲುವೆ ಇನ್ನೂ ಬಂದಿರಲಿಲ್ಲ. ಬಾವಿ ತೋಡಿದರೆ ಬಾಯಿಗಿಡಲಾಗದ ಉಪ್ಪುನೀರು. ಹಾಗಾಗಿ ಊರಿಗೆಲ್ಲ ಇದ್ದದ್ದು ಒಂದೇ ಸಣ್ಣ ಕೆರೆ. ಅದರ ಪಡುವಣ ದಂಡೆಯಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ಅದು ಊರವರದು. ಮೂಡಣದ ಕೆಳದಂಡೆಯಲ್ಲಿ ಕೆಸರಿತ್ತು, ಅದು ನಮ್ಮ ಕೇರಿಯವರದು. ನಾವು ಮುಟ್ಟಿಸಿಕೊಳ್ಳದ ಜಾತಿ. ಆ ಮೆಟ್ಟಿಲುಗಳ ಮೇಲೆ ನಮ್ಮ ಕಾಲು ಬೀಳುವಂತಿರಲಿಲ್ಲ.

ಆದರೂ ಕೆರೆ ಚೆನ್ನಾಗಿತ್ತು. ನಮ್ಮ ಕಡೆ ಜೊಂಡು ಬೆಳೆದಿತ್ತು, ಅದರ ಬುಡದಲ್ಲಿ ಸಣ್ಣ ಮೀನುಗಳು, ಶಂಖದ ಹುಳುಗಳು. ಕೊಡ ಮುಳುಗಿಸುವಾಗ ಮೀನಿನ ಮರಿಗಳು ಬೆರಳು ಕಚ್ಚುತ್ತಿದ್ದವು. ಚಳಿ ಬಿದ್ದಾಗ ಎಲ್ಲಿಂದಲೋ ಬಾತುಗಳು ಬಂದು ಇಳಿಯುತ್ತಿದ್ದವು. ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಒಂದು ರಾತ್ರಿ ಇಟ್ಟರೆ ಕೊಡದ ತಳ ಕಾಣುತ್ತಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಕಡೆ ಹೊಲದ ಅಂಚಿಗೆ ಪುಂಡಿ ಹಾಕುತ್ತಾರೆ. ಎಲೆ ಪಲ್ಯಕ್ಕೆ, ದಂಟು ನಾರಿಗೆ. ದಂಟನ್ನು ಪೆಂಡಿ ಕಟ್ಟಿ, ಮೇಲೆ ಕಲ್ಲು ಹೇರಿ, ನೀರಿನಲ್ಲಿ ಕೊಳೆಯಲು ಬಿಟ್ಟರೆ ಮಾತ್ರ ನಾರು ಬಿಡುತ್ತದೆ, ಹಗ್ಗ ಹೊಸೆಯಬಹುದು. ಅದಕ್ಕೆಂದೇ ಏರಿಯ ಕೆಳಗೆ ಬೇರೆ ಹೊಂಡವಿತ್ತು. ಆ ವರ್ಷ ಹೊಂಡ ಒಣಗಿತ್ತು. ಊರ ಗೌಡ ಲಿಂಗಸೂಗೂರಿನ ವ್ಯಾಪಾರಿಗೆ ನಾರು ಕೊಡುವುದಾಗಿ ಒಪ್ಪಿಕೊಂಡಿದ್ದ. ಗಾಡಿಗಟ್ಟಲೆ ಪುಂಡಿ ತರಿಸಿ ಕೆರೆಯ ನಮ್ಮ ದಂಡೆಯಲ್ಲಿ ಇಳಿಸಿದ. ಮುಳುಗಿಸಲು ಕರೆದದ್ದು ನಮ್ಮ ಗಂಡಸರನ್ನೇ.

ನನ್ನ ಗಂಡ ಕೈಕಟ್ಟಿಕೊಂಡು ಹೇಳಿದ, “ಗೌಡ್ರ, ಇದು ಕುಡಿಯಾ ನೀರ್ರೀ. ಕೆಟ್ಟು ಹೋಗ್ತೈತ್ರೀ.”

“ಈ ದಂಡಿ ನಿಮ್ದು, ಆ ದಂಡಿ ನಮ್ದು. ನಮ್ಮ ನೀರಿಗೇನಾಗ್ತೈತಲೇ? ಇಳಿ, ಇಳಿ.”

ಆತ ಸುಳ್ಳು ಹೇಳಲಿಲ್ಲ, ಅದೇ ನನ್ನನ್ನು ಹೆಚ್ಚು ಕೆರಳಿಸುವುದು. ಆತ ನಿಜವಾಗಿಯೂ ಹಾಗೇ ತಿಳಿದಿದ್ದ. ದಂಡೆ ಎರಡಾದ ಮೇಲೆ ನೀರೂ ಎರಡಾಯಿತು ಎಂದು ಅವನ ಅಪ್ಪ ತಿಳಿದಿದ್ದ, ಅಜ್ಜ ತಿಳಿದಿದ್ದ. ಊರಿಗೆ ಊರೇ ಹಾಗೆ ತಿಳಿದಿತ್ತು. ಇಂಥ ದಡ್ಡತನಕ್ಕೆ ಆಚಾರ ಎಂದು ಹೆಸರು.

ವಾರದೊಳಗೆ ನಮ್ಮ ದಂಡೆಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಾಯಿತು. ಗುಳ್ಳೆ ಏಳುತ್ತಿದ್ದವು, ಸತ್ತ ಇಲಿಯ ವಾಸನೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಕಪ್ಪೆಗಳ ಸದ್ದು ನಿಂತಿತು. ಬಾತುಗಳು ಒಂದು ಬೆಳಿಗ್ಗೆ ಎದ್ದು ಹೋದವು, ಅವಕ್ಕಾದರೂ ರೆಕ್ಕೆಯಿತ್ತು.

ನನ್ನ ಕೂಸಿಗೆ ಆಗ ಎಂಟು ತಿಂಗಳು. ಆ ನೀರಿನ ಗಂಜಿ ಕುಡಿದು ಭೇದಿ ಹತ್ತಿತು. ನನಗೂ ಜ್ವರ, ಎದೆಹಾಲು ಬತ್ತಿತ್ತು. ಅತ್ತೆ ಕೊಡ ಹಿಡಿದು ಮೆಟ್ಟಿಲುಗಳಿಂದ ದೂರ ನಿಂತು, ಬಂದವರಿಗೆಲ್ಲ “ಯವ್ವಾ, ಒಂದು ಕೊಡ ನೀರು ಹಾಕ್ರೀ, ಕೂಸಿಗೆ ಆರಾಮಿಲ್ಲ” ಎಂದು ಕೈಮುಗಿಯುತ್ತಿದ್ದಳು. ಯಾರಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ಅತ್ತೆಯ ಸೀರೆಗೆ.

ಚಳಿಗಾಲದ ಮೂಡಗಾಳಿಗೆ ಯಾವ ಜಾತಿಯೂ ಗೊತ್ತಿಲ್ಲ. ಸತ್ತ ಮೀನುಗಳನ್ನು ತಳ್ಳಿಕೊಂಡು ಹೋಗಿ ಊರವರ ಮೆಟ್ಟಿಲಿಗೆ ಸೇರಿಸಿತು. ನೀರೂ ಸ್ವಲ್ಪ ನಾರತೊಡಗಿತು. ಆಗ ಚಾವಡಿಯಲ್ಲಿ ಪಂಚರು ಕೂತು ಕಾರಣ ಹುಡುಕಿದರು. ಪುಂಡಿಯ ಪೆಂಡಿಗಳು ಚಾವಡಿಯಿಂದಲೇ ಕಾಣುತ್ತಿದ್ದವು. ಆದರೂ ಅವರಿಗೆ ಹೊಳೆದದ್ದು ಬೇರೆ: ಕೇರಿಯ ಹೆಂಗಸರು ದಿನಾ ಮೆಟ್ಟಿಲ ಹತ್ತಿರ ಬರುತ್ತಿದ್ದಾರೆ, ಯಾರೋ ಈ ದಂಡೆಯ ನೀರು ಮುಟ್ಟಿದ್ದಾರೆ! ಗೋಮೂತ್ರ ಚಿಮುಕಿಸಿದರು. ಇನ್ನು ಮುಂದೆ ನಮಗೆ ಯಾರೂ ನೀರು ಹಾಕಬಾರದು ಎಂದರು. ಕೊಳೆಯುತ್ತಿದ್ದ ಪುಂಡಿಯ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ.

ಮರುದಿನ ಅತ್ತೆ ಖಾಲಿ ಕೊಡ ತಂದು ನನ್ನ ಮುಂದೆ ಇಟ್ಟಳು. ಕೂಸಿನ ಕಣ್ಣು ಗುಳಿ ಬಿದ್ದಿತ್ತು. ಅಳಲೂ ಅದಕ್ಕೆ ತ್ರಾಣವಿರಲಿಲ್ಲ.

“ಅತ್ತೀ, ಬಾ” ಎಂದೆ.

“ಎಲ್ಲಿಗಿ ಬೇ? ಮೈಯಾಗ ಜ್ವರ ಇಟ್ಕೊಂಡು?”

“ಆ ಕಲ್ಲು ತೆಗ್ಯಾಕ.”

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದಳು. ಕೂಸನ್ನು ಪಕ್ಕದ ಮನೆಯ ಮುದುಕಿಯ ಮಡಿಲಿಗೆ ಹಾಕಿ ಕಚ್ಚೆ ಬಿಗಿದಳು. ನಟ್ಟ ನಡು ಮಧ್ಯಾಹ್ನ ನಾವಿಬ್ಬರೂ ಆ ಕಪ್ಪು ನೀರಿಗೆ ಇಳಿದೆವು. ನಮ್ಮನ್ನು ನೋಡಿ ಕೇರಿಯ ಉಳಿದ ಹೆಂಗಸರೂ ಇಳಿದರು. ಒಂದೊಂದೇ ಕಲ್ಲು ಉರುಳಿಸಿದೆವು. ಪೆಂಡಿಗಳು ಲೊಳಲೊಳ ಎನ್ನುತ್ತ ಮೇಲೆ ಬಂದು ಗಾಳಿ ಹಿಡಿದು ಸಾಲಾಗಿ ಹೊರಟವು. ಕೊಳೆ ಹತ್ತಿದ ಮೈಯಲ್ಲೇ ದಂಡೆಯ ಮೇಲೆ ನಿಂತು ಅವು ಹೋಗುವುದನ್ನು ನೋಡಿದೆ. ಜೀವಮಾನದಲ್ಲಿ ನನಗೆ ಅಷ್ಟು ಖುಷಿ ಕೊಟ್ಟದ್ದು ಕಡಿಮೆ.

ಬೆಳಗಾಗುವಷ್ಟರಲ್ಲಿ ಗೌಡನ ಪುಂಡಿಯೆಲ್ಲ ಗೌಡನ ಮೆಟ್ಟಿಲಿಗೆ ಬಂದು ಕೂತಿತ್ತು. ನಮ್ಮ ಮೂಗಿಗೆ ಅಷ್ಟು ದಿನ ಬಡಿದ ನಾತವನ್ನು ಅವರ ಮೂಗು ಒಂದು ಹೊತ್ತೂ ತಾಳಲಿಲ್ಲ. ಗೌಡ ತಾನೇ ಕೇರಿಯ ಬಾಯಿಗೆ ಬಂದ. ಕಲ್ಲು ತೆಗೆದವರು ಯಾರು ಎಂದು ಕೂಗಾಡಿದ. ಕೊನೆಗೆ, “ಎಲ್ಲಾರೂ ಬಂದು ಅದನ್ನ ಎತ್ತಿ ಒಗೀರಿ” ಎಂದ. ಕೊಳೆತದ್ದನ್ನು ಎತ್ತಲು ಮತ್ತೆ ನಾವೇ ಬೇಕು!

ಅತ್ತೆ ಖಾಲಿ ಕೊಡವನ್ನು ಅವನ ಮುಂದೆ ಇಟ್ಟಳು. “ಮೊದ್ಲು ನಿಮ್ಮನಿ ಹಂಡೇದಾಗಿನ ಒಳ್ಳೇ ನೀರು ಕೂಸಿಗೆ ಕೊಡ್ರಿ. ಆಮ್ಯಾಲ ಎತ್ತೂನು.”

ನೀರು ಬಂತು. ಕುದಿಸಿ ಆರಿಸಿ, ಉಪ್ಪು ಹಾಕಿದ ಗಂಜಿ ತಿಳಿ ಮಾಡಿ ಚಮಚ ಚಮಚವಾಗಿ ಹಾಕಿದೆ. ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಆ ಅಳು ಕೇಳಿ ನಾನೂ ಅತ್ತುಬಿಟ್ಟೆ. ಕೂಸು ಉಳಿಯಿತು, ಬೆಳೆಯಿತು, ಓದಿ ಸರ್ಕಾರಿ ನೌಕರಿ ಸೇರಿದಳು.

ಆ ದಿನವೆಲ್ಲ ಕೇರಿಯವರು ಮೆಟ್ಟಿಲುಗಳ ಮೇಲೆ ನಿಂತು ಪೆಂಡಿ ಎಳೆದರು. ಯಾರೂ ಬೇಡ ಎನ್ನಲಿಲ್ಲ, ದೂರ ನಿಲ್ಲಿ ಎನ್ನಲಿಲ್ಲ. ಕೂಸಿಗೆ ಗಂಜಿ ಹಾಕಿ ನಾನೂ ಹೋಗಿ ಒಂದಿಷ್ಟು ಎಳೆದೆ. ಕಾಲ ಕೆಳಗಿನ ಕಲ್ಲು ತಣ್ಣಗಿತ್ತು, ಸವೆದು ನುಣುಪಾಗಿತ್ತು. ಕೊನೆಯ ಪೆಂಡಿ ಹೊತ್ತು ನಾವು ಮೆಟ್ಟಿಲು ಬಿಟ್ಟ ಕೂಡಲೇ ಊರಿನ ಹೆಂಗಸರು ಕೊಡ, ಪೊರಕೆ ಹಿಡಿದು ಬಂದರು. ಇನ್ನೂ ನಾರುತ್ತಿದ್ದ ಅದೇ ಕೆರೆಯ ನೀರನ್ನು ಮೊಗೆಮೊಗೆದು, ನಾವು ನಿಂತಿದ್ದ ಮೆಟ್ಟಿಲುಗಳನ್ನು ತೊಳೆದರು.