ಅಭಿನಂದನೆ ಟೈಪ್ ಮಾಡದ ಚಾಚಾ

ಅಲಮಾರಿ ಒರೆಸುವಾಗ ಹಳೆಯ ಕಾರ್ಬನ್ ಹಾಳೆಗಳ ಕಟ್ಟು ಕೈಗೆ ಸಿಕ್ಕಿತು. ಮೂಗಿಗೆ ಹಿಡಿದೆ. ಎಣ್ಣೆ, ಮಸಿ ಬೆರೆತ ಆ ವಾಸನೆ... ಇಬ್ರಾಹಿಂಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಚಾಚಾ ಎದುರಿಗೇ ಬಂದು ಕೂತಂತಾಯಿತು.

ನಮ್ಮ ಪಕ್ಕದ ಮನೆಯವರು. ದೂರದ ದೇಶವೊಂದರಲ್ಲಿ ನಮ್ಮ ರಾಯಭಾರ ಕಚೇರಿಯ ಟೈಪಿಸ್ಟ್ ಆಗಿದ್ದು, ನಿವೃತ್ತರಾಗಿ ಊರಿಗೆ ಮರಳಿದ್ದರು. ಮಹಾ ಸಿಡುಕ. ಕೀ ನೋಡಿಕೊಂಡು ಟೈಪ್ ಮಾಡಿದರೆ ಗೆಣ್ಣಿನ ಮೇಲೆ ಸ್ಕೇಲಿನ ಏಟು, ನನಗೂ ಬಿದ್ದಿವೆ. ಅರ್ಜಿ, ಅಫಿಡವಿಟ್ ಏನಿದ್ದರೂ ಮಾಡಿಕೊಡುತ್ತಿದ್ದರು, ಅಭಿನಂದನಾ ಪತ್ರ ಮಾತ್ರ ಸುತಾರಾಂ ಇಲ್ಲ. ಒಮ್ಮೆ ಬಬಲೇಶ್ವರದಿಂದ ಚುನಾವಣೆ ಗೆದ್ದವರೊಬ್ಬರ ಕಡೆಯವರು ಬಂದು, ಸನ್ಮಾನಕ್ಕೆ ನಾಲ್ಕು ಸಾಲು ಬೇಕೆಂದರು. "ಬ್ಯಾರೆ ಕಡೆ ನೋಡ್ರಿ" ಎಂದು ಕಳಿಸಿಬಿಟ್ಟರು. ಬಂದ ಗಿರಾಕಿಯನ್ನು ಹೀಗೆ ಓಡಿಸಿದರೆ ಹೇಗೆಂದು ನಾನು ಜಗಳ ತೆಗೆದೆ. ಆಗ ಹೇಳಿದರು.

ಆ ದೇಶದಲ್ಲಿ ಚುನಾವಣೆ ಬಂದರೆ ಕಚೇರಿಯಲ್ಲಿ ಎರಡು ಪತ್ರ ಮೊದಲೇ ತಯಾರಾಗುತ್ತಿದ್ದವಂತೆ, ಇಬ್ಬರು ಅಭ್ಯರ್ಥಿಗಳಿಗೂ ಒಂದೊಂದು. ಗೆದ್ದವನದು ಹೋಗುತ್ತಿತ್ತು, ಇನ್ನೊಂದನ್ನು ಸುಡುತ್ತಿದ್ದರು. ಒಂದು ಸಲ ಮತ ಎಣಿಕೆ ನಡುವೆಯೇ ನಿಂತು, ಸೋಲುತ್ತಿದ್ದ ಅಧ್ಯಕ್ಷನೇ ಗೆದ್ದನೆಂದು ಸಾರಿದರು. ಬೀದಿಗಿಳಿದ ಹುಡುಗರನ್ನು ಸೈನಿಕರು ಎತ್ತಿಕೊಂಡು ಹೋದರು. ಕಚೇರಿಯ ಡ್ರೈವರನ ಮಗನೂ ಅವರಲ್ಲಿದ್ದ.

ಗಲಾಟೆಯಾದ್ದರಿಂದ ಹಳೆಯ ಪತ್ರ ನಡೆಯುವಂತಿರಲಿಲ್ಲ. ಗೆದ್ದವನನ್ನು ಕಡಿಮೆ, ಜನರನ್ನು ಹೆಚ್ಚು ಹೊಗಳುವ ಹೊಸ ಪತ್ರ ಬೇಕಿತ್ತು, ಅದೂ ಎಲ್ಲ ದೇಶಗಳಿಗಿಂತ ಮೊದಲು. ಹೊರದೇಶದವರು ಅಭಿನಂದಿಸದೆ ಸುಮ್ಮನಿರುವಷ್ಟು ದಿನ ಅಧ್ಯಕ್ಷನಿಗೆ ಅಂಜಿಕೆ ಇರುತ್ತದೆ, ಹಿಡಿದವರನ್ನು ಕೊಲ್ಲುವುದಿಲ್ಲ ಎಂಬುದು ಡ್ರೈವರನ ನಂಬಿಕೆ. ಒಂದೇ ಒಂದು ದಿನ ತಡಮಾಡು ಎಂದು ಚಾಚಾನ ಕಾಲು ಹಿಡಿದನಂತೆ.

"ಮಷೀನ ಕೆಟ್ಟೈತಿ ಅಂದಿದ್ರ ಮುಗೀತಿತ್ತು ಬೇಟಿ," ಎಂದರು ಚಾಚಾ. "ನೌಕರಿ ಹೋದೀತಂತ ಅಂಜಿದೆ. ಹತ್ತ ನಿಮಿಷದಾಗ ಹೊಡದ ಕೊಟ್ಟೆ. ಶಾಂತಿಯಿಂದ ಮತಾ ಹಾಕಿದ ಜನರಿಗೆ ಅಭಿನಂದನೆ ಅಂತ ಇತ್ತು ಅದರಾಗ. ಒಂದೂ ತಪ್ಪ ಇರಲಿಲ್ಲ ನೋಡು."

ಆ ಲಕೋಟೆಯನ್ನು ಅಧ್ಯಕ್ಷನ ಬಂಗಲೆಗೆ ಒಯ್ದ ಕಾರು ನಡೆಸಿದವನೂ ಅದೇ ಡ್ರೈವರ. ಮಗ ತಿರುಗಿ ಬರಲಿಲ್ಲ. ಡ್ರೈವರ ಮಾತ್ರ ಮರುದಿನವೂ ಕೆಲಸಕ್ಕೆ ಬಂದು, ಬಾಗಿಲಲ್ಲಿ ಚಾಚಾನಿಗೆ ಎಂದಿನಂತೆ ಸಲಾಂ ಮಾಡಿದನಂತೆ...

ನಾನು ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ, ಒಂದು ದಿನ ಚಾಚಾ ಹೇಳಿ ಕಳಿಸಿದರು. ಹಾಸಿಗೆ ಹಿಡಿದಿದ್ದರು, ಮಷೀನಿನ ಮುಂದೆ ಕೂರಲಾಗುತ್ತಿರಲಿಲ್ಲ. "ಆ ಡ್ರೈವರಗ ಒಂದ ಪತ್ರ ಬರೀಬೇಕಾಗೇತಿ. ನೀ ಹೊಡಿ," ಎಂದರು. ಹಾಳೆ ಏರಿಸಿ, ಅವನ ಮಗನ ಹೆಸರೇನೆಂದು ಕೇಳಿದೆ.

"ಕೇಳೇ ಇಲ್ಲ ಬೇಟಿ ನಾ."

ಪತ್ರ ಅಲ್ಲಿಗೇ ನಿಂತಿತು. ವಾರದೊಳಗೆ ಅವರೂ ಹೋದರು. ಹೆಸರನ್ನಾದರೂ ಕೇಳಬಾರದಿತ್ತೇ ಎಂದು ನನಗೆ ಇಂದಿಗೂ ಅವರ ಮೇಲೆ ಸಿಟ್ಟಿದೆ. ಎದುರಿಗೆ ಕೂತು ಬೈಯೋಣವೆಂದರೆ ಮನುಷ್ಯನೇ ಇಲ್ಲ.

ನಿನ್ನೆ ಟಿವಿಯಲ್ಲಿ ಮತ್ತೆ ಎಲ್ಲೋ ಒಂದು ದೇಶದ ಸುದ್ದಿ. ಎಣಿಕೆಯಲ್ಲಿ ಮೋಸವೆಂದು ಜನ ಬೀದಿಗೆ ಬಂದಿದ್ದರು. ಗೆದ್ದವನಿಗೆ ಆಗಲೇ ನಾಲ್ಕೈದು ದೇಶಗಳ ಶುಭಾಶಯ ಮೊಬೈಲಿನಲ್ಲೇ ಮುಟ್ಟಿತ್ತು. ಟೈಪಿಸ್ಟನೂ ಬೇಕಾಗಿಲ್ಲ, ಕಾರೂ ಬೇಕಾಗಿಲ್ಲ. ಒಂದು ದಿನ ತಡಮಾಡಿ ಎಂದು ಅಲ್ಲಿಯ ಅಪ್ಪಂದಿರು ಈಗ ಯಾರ ಕಾಲು ಹಿಡಿಯಬೇಕೋ...