ಕರ್ನಲ್ ದೊರೆಯ ಕಲ್ಲು

ಪಕ್ಕದ ಮನೆಯವರು ಮಹಡಿಗೆ ಗ್ರಾನೈಟ್ ಹಾಸುತ್ತಿದ್ದಾರೆ. ಬೆಳಗಿನಿಂದ ಕಲ್ಲು ಕೊಯ್ಯುವ ಮೆಷಿನ್ನಿನ ಅರಚಾಟ. ಜಗಳ ತೆಗೆಯಲೆಂದೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಎಪ್ಪತ್ತಾರು ತುಂಬಿದರೂ ಜಗಳಕ್ಕೆ ಹೊರಟಾಗ ಮಾತ್ರ ನನಗೆ ಮೊಣಕಾಲು ನೋವು ಬರುವುದಿಲ್ಲ, ನೋಡಿ. ಆದರೆ ಬಾಗಿಲು ತೆಗೆದದ್ದೇ ತಡ, ನೀರು ಬಿದ್ದ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿಯಿತು. ಜಗಳ ಅಲ್ಲೇ ಬಿಟ್ಟು ಜಗಲಿಯ ಮೇಲೆ ಕೂತುಬಿಟ್ಟೆ.

ಶಿವಾರಪಟ್ಟಣದಲ್ಲಿ ನಮ್ಮ ಮಾವ ವಿಗ್ರಹ ಕೆತ್ತುತ್ತಿದ್ದ ಚಪ್ಪರದ ವಾಸನೆ ಅದು. ನಾನು ಆ ಮನೆಗೆ ಸೊಸೆಯಾಗಿ ಹೋದ ವರ್ಷವೇ ಕರ್ನಲ್ ದೊರೆ ಅಲ್ಲಿಗೆ ಬರಲು ಶುರುಮಾಡಿದ್ದು. ಎರಡನೇ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ದೊರೆಗೆ ಆಗಲೇ ಎಂಬತ್ತು ದಾಟಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ದಂಡಿಗೆ ಸೇರಿ, ಕಂಡ ಕಂಡ ಯುದ್ಧಕ್ಕೆ ಹೋಗಿ, ಎದೆ ತುಂಬ ಪದಕ ಪಡೆದು, ಕೊನೆಗೆ ಮಾಲೂರಿನ ಹತ್ತಿರ ಒಂದು ಬಂಗಲೆಯಲ್ಲಿ ನೆಲೆಸಿದ್ದರು. ಹೆಂಡತಿ ಎಲ್ಸಿಯಮ್ಮ ತೀರಿಕೊಂಡು ಕೋಲಾರದ ಗೋರಿ ತೋಪಿನಲ್ಲಿ ಮಲಗಿದ್ದರು. ಆಕೆಯ ಪಕ್ಕದಲ್ಲಿ ತಮಗಿರುವ ಜಾಗಕ್ಕೆ ಕಲ್ಲು ಬೇಕೆಂದು ಜಟಕಾದಲ್ಲಿ ಬಂದಿಳಿದರು.

ಮಾವ ಕೈಮುಗಿದು, ಆಗುವುದಿಲ್ಲ ಎಂದರು. ಎದುರಿಗೆ ಕೂತು ಮಾತಾಡುತ್ತಿರುವ ಮನುಷ್ಯನಿಗೆ ಗೋರಿ ಕಲ್ಲು ಹೊಡೆಯುವುದೆಂದರೇನು? ದೊರೆಗೆ ಕೋಪ ಬರಲಿಲ್ಲ. ಮೂವತ್ತು ವರ್ಷ ಈ ಸೀಮೆಯಲ್ಲಿದ್ದು ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ನಾನು ಸತ್ತ ಮೇಲೆ ನನ್ನ ಮಾತು ಯಾರು ಕೇಳ್ತಾರೆ, ಆಚಾರಿ? ಮದ್ರಾಸಿನಲ್ಲಿರೋ ನನ್ನ ತಮ್ಮನ ಮಗ ಅವನಿಗೆ ಬೇಕಾದ್ದು ಬರೆಸ್ತಾನೆ."

ಮಾವ ಕರಗಿದರು. ಸತ್ತ ದಿನದ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಕೆತ್ತುವುದೆಂದಾಯಿತು. ಇಂಗ್ಲಿಷ್ ಅಕ್ಷರ ಮಾತ್ರ ಮಾವನಿಗೆ ಒಂದೂ ಬರುತ್ತಿರಲಿಲ್ಲ. ನಾನು ಕೋಲಾರದಲ್ಲಿ ಐದು ವರ್ಷ ಮಿಷನ್ ಶಾಲೆಗೆ ಹೋಗಿ ಬಂದವಳು. ಆ ಜಂಬದಲ್ಲೇ ನೆಲ ಕಾಣದೆ ಓಡಾಡುತ್ತಿದ್ದೆ. "ಅಮ್ಮಾಯಿ, ನೀನೇ ಸುಣ್ಣದ ಕಡ್ಡಿಯಲ್ಲಿ ಬರ್ದು ಕೊಡು, ಅದರ ಮೇಲೇ ಹೊಡೀತೀನಿ" ಎಂದರು ಮಾವ. ಕಂಬದ ಹಿಂದೆ ನಿಲ್ಲುತ್ತಿದ್ದ ಸೊಸೆ ಹೀಗೆ ಕಲ್ಲಿನ ಮುಂದಕ್ಕೆ ಬಂದಳು.

ದೊರೆ ಕೊಟ್ಟ ಕಾಗದದಲ್ಲಿ ಹನ್ನೆರಡು ಸಾಲು. ಅದನ್ನು ಬರೆದು ಕಳಿಸಿದ್ದವನೂ ಆ ಮದ್ರಾಸಿನವನೇ; ಬೇರೇನು ಬರೆಸಬೇಕೆಂದು ಇನ್ನೂ ತೋಚದೆ ದೊರೆ ಅದನ್ನೇ ತಂದಿದ್ದರು. ಯಾವ ಪಟಾಲಂ, ಯಾವ ಯುದ್ಧ, ಯಾವುದಕ್ಕೆ ಯಾವ ಪದಕ, ಎಲ್ಲ ಅದರಲ್ಲಿತ್ತು. ಅರ್ಧಕ್ಕರ್ಧ ಪದ ನನಗೆ ತಿಳಿಯದು. ತಿಳಿಯದೆ ಬರೆಯುವುದು ಹೇಗೆಂದು ಕೇಳಿದೆ. ದೊರೆ ಬೆತ್ತದ ಮೋಡಾದ ಮೇಲೆ ಕೂತು, ಮೊದಲಿಂದ ಹೇಳತೊಡಗಿದರು. ಕಾಬೂಲಿನ ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡದ್ದನ್ನು ನಗುನಗುತ್ತಲೇ ಹೇಳಿದರು. ಆಮೇಲೆ ಬರ್ಮಾ ಬಂತು. ದೊಡ್ಡ ಪದಕ ಬಂದದ್ದು ಅಲ್ಲಿಯೇ. ದಂಗೆಕೋರರು ಅಡಗಿದ್ದ ಹಳ್ಳಿಯೊಂದಕ್ಕೆ ಇವರು ಮುಂದೆ ನಿಂತು ಬೆಂಕಿ ಇಡಿಸಿದ್ದರು.

ನನ್ನ ತವರು ಶ್ರೀನಿವಾಸಪುರದ ಕಡೆ. ನಾನು ಚಿಕ್ಕವಳಿದ್ದಾಗ ಮನೆಗೆ ಬೆಂಕಿ ಬಿದ್ದು, ಅಮ್ಮ ಒಡವೆ ಬಿಟ್ಟು ಬಿತ್ತನೆ ರಾಗಿಯ ಮೂಟೆಯನ್ನು ಎಳೆದು ತಂದದ್ದು ಕಣ್ಣಿಗೆ ಕಟ್ಟಿತ್ತು. ನಾಲಿಗೆ ಸುಮ್ಮನಿರಬೇಕಲ್ಲ?

"ಬಿತ್ತನೆ ಕಾಳು ಹೊರಗೆ ತಂದ್ಕೊಂಡ್ರಾ ದೊರೆ, ಆ ಊರೋರು?"

ದೊರೆ ಕೈಗೋಲು ಎತ್ತಿಕೊಂಡರು.

"ಗೊತ್ತಿಲ್ಲಮ್ಮ. ಇದನ್ನ ಇದುವರೆಗೂ ಯಾರೂ ನನ್ನನ್ನ ಕೇಳಿರಲಿಲ್ಲ."

ಹಾಗೆಂದು ಎದ್ದು ಹೋದರು. ಬಂದ ಗಿರಾಕಿಯನ್ನು ಓಡಿಸಿದೆನೆಂದು ನನಗೆ ರಾತ್ರಿ ಊಟ ಸೇರಲಿಲ್ಲ. ಆದರೆ ಮುಂದಿನ ವಾರ ಜಟಕಾ ಮತ್ತೆ ಬಂತು. ಕಾಗದದಲ್ಲಿ ಬರ್ಮಾದ ಸಾಲಿನ ಮೇಲೆ ಗೀಟು ಎಳೆದಿತ್ತು. ಅದರ ಮುಂದಿನ ವಾರ ಕಾಬೂಲೂ ಹೋಯಿತು. ಸುಗ್ಗಿ ಮುಗಿಯುವ ಹೊತ್ತಿಗೆ ಕಾಗದದಲ್ಲಿ ಉಳಿದದ್ದು ಅವರ ಹೆಸರೊಂದೇ. ಇಷ್ಟು ದೊಡ್ಡ ಕಲ್ಲಿಗೆ ಇದು ಸಾಲದಲ್ಲ, ಇನ್ನೇನು ಹಾಕೋಣ ಎಂದು ನನ್ನನ್ನೇ ಕೇಳಿದರು.

ನಾನು ತಮಾಷೆಗೇ ಅಂದೆ: "ನಮ್ಮನ್ನೆಲ್ಲ ಇಂಥೋರ ಹೆಂಡ್ತಿ ಅಂತಾರಲ್ಲ. ನೀವು ಎಲ್ಸಿಯಮ್ಮನ ಗಂಡ ಅಂತ ಹಾಕ್ಸಿ."

ಕೆಮ್ಮು ಬರುವಷ್ಟು ನಕ್ಕರು. ಎಲ್ಸಿಯಮ್ಮ ಹಿತ್ತಾಳೆ ಹೂಜಿಯನ್ನು ದಿನಾ ತಿಕ್ಕಿಸುತ್ತಿದ್ದರಂತೆ, ಗಂಡನ ಪದಕಗಳನ್ನು ಮಾತ್ರ ಒಂದು ದಿನವೂ ಮುಟ್ಟಿದವರಲ್ಲವಂತೆ. ನಗು ನಿಂತ ಮೇಲೆ, ಹಾಗೇ ಬರಿ ಎಂದರು. ಬರೆದೆ. ಮಾವ ಕೆತ್ತಿದರು. ದೊರೆ ಆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿ, ಮಾವನ ಕೈ ಹಿಡಿದುಕೊಂಡು, ಇದನ್ನು ಯಾರೂ ಬದಲಾಯಿಸದ ಹಾಗೆ ನೋಡಿಕೋ ಎಂದು ಹೇಳಿ ಹೋದರು.

ಮಳೆಗಾಲದಲ್ಲಿ ದೊರೆ ತೀರಿಕೊಂಡರು. ತಾರೀಖನ್ನು ಪಾದ್ರಿಗಳು ಹೇಳಿ ಕಳಿಸಿದರು. ಮಾರನೆಯ ಬೆಳಿಗ್ಗೆ ಮಾವ ತಲೆಗೆ ನೀರು ಹುಯ್ದುಕೊಂಡು, ಮಡಿಯುಟ್ಟು, ಖಾಲಿ ಬಿಟ್ಟ ಜಾಗದಲ್ಲಿ ನಾನು ಬರೆದುಕೊಟ್ಟ ತಾರೀಖು ಹೊಡೆದು, ಕರ್ಪೂರ ಹಚ್ಚಿದರು. ದೊರೆಯ ಗೋರಿಗೆ ಕರ್ಪೂರವೇ ಎಂದು ನನಗೆ ನಗು ಬಂದಿತ್ತು, ಪಾಪಿ.

ಎರಡು ದಿನಕ್ಕೆ ಮದ್ರಾಸಿನವನು ಕಾರಿನಲ್ಲಿ ಬಂದ. ಕೈಯಲ್ಲಿ ಅದೇ ಹನ್ನೆರಡು ಸಾಲು. ಇಷ್ಟು ದೊಡ್ಡ ಸೇನಾಧಿಕಾರಿಯನ್ನು ಬರೀ ಹೆಂಡತಿಯ ಗಂಡ ಮಾಡಿದ್ದೀರಲ್ಲ ಎಂದು ಕೂಗಾಡಿದ. ಕೆಳಗೆ ಜಾಗವಿದೆ, ಪದಕಗಳನ್ನೆಲ್ಲ ಈಗಲೇ ಕೆತ್ತಬೇಕೆಂದ. ಅವನ ಜೊತೆ ಬಂದಿದ್ದ ಗುಮಾಸ್ತ ಅದನ್ನೆಲ್ಲ ಕನ್ನಡದಲ್ಲಿ ಹೇಳಿದ. ದೊರೆಗಳ ಎದುರು ಮಾವ ಎಂದೂ ತಲೆಯೆತ್ತಿ ಮಾತಾಡಿದವರಲ್ಲ.

"ಆಗಲ್ಲ ಸ್ವಾಮಿ," ಎಂದರು ಮಾವ. "ಕಣ್ಣು ತೆರೆಸಿ ಆಯ್ತು. ನಮ್ಮಲ್ಲಿ ಕಣ್ಣು ತೆರೆಸಿದ ಮೇಲೆ ಉಳಿ ಮುಟ್ಟಿಸೋ ಹಂಗಿಲ್ಲ."

ಅದು ವಿಗ್ರಹದ ಕಟ್ಟಳೆ. ದೇವರಿಗೆ ಕೊನೆಗೆ ಕಣ್ಣು ಬಿಡಿಸಿದರೆ ಮುಗಿಯಿತು, ಆಮೇಲೆ ಯಾರೂ ಒಂದು ಚಕ್ಕೆ ಎಬ್ಬಿಸುವುದಿಲ್ಲ. ಇದು ಬರೀ ಚಪ್ಪಡಿ ಕಲ್ಲು, ಇದಕ್ಕೆಲ್ಲಿಯ ಕಣ್ಣು, ತೋರಿಸು ಎಂದು ಗುಮಾಸ್ತ ಗದರಿದ.

ಮಾವ ಬಗ್ಗಿ ಬೆರಳಿಟ್ಟು ತೋರಿಸಿದರು. ಬೆರಳು ಎಲ್ಸಿಯಮ್ಮನ ಹೆಸರಿನ ಮೇಲಿತ್ತು.

ಕಲ್ಲು ಹಾಗೆಯೇ ಕೋಲಾರಕ್ಕೆ ಹೋಯಿತು. ಅದೇ ಎಲ್ಸಿಯಮ್ಮನ ಹೆಸರೆಂದು ಇಂಗ್ಲಿಷ್ ಅಕ್ಷರ ಬಾರದ ಮಾವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಕೇಳಬಾರದ್ದನ್ನೆಲ್ಲ ಕೇಳಿದವಳು, ಅದೊಂದನ್ನು ಕೇಳದೆ ಹೋದೆ.

ಬರ್ಮಾದ ಆ ಹಳ್ಳಿಯ ಮಾತನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದೊರೆಗೆ ಎರಡು ಬಗೆದಂತೆ ಎಂದುಕೊಂಡಿದ್ದೆ. ಇವತ್ತು ಜಗಲಿಯ ಮೇಲೆ ಕೂತು ಹಾಗನ್ನಿಸಲಿಲ್ಲ. ಕೇಳುವವರು ಸಿಕ್ಕರೆಂದು ತಾನೇ ಅವರು ಮತ್ತೆ ಮತ್ತೆ ಜಟಕಾ ಕಟ್ಟಿಸಿಕೊಂಡು ಬಂದದ್ದು! ನನ್ನ ಸೊಸೆ ಬಂದು, ಯಾಕತ್ತೆ ಕಣ್ಣಲ್ಲಿ ನೀರು ಎಂದಳು. ಒಲೆ ಆರಿಸಿ ಬಾರೇ ಎಂದು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲವನ್ನೂ ಹೇಳಿದೆ.